ಕೋಡಿ ಬಿದ್ದ ವರ್ಷದ ಸಿಟ್ಟು

ಒದ್ದೆ ಕುರಿಯ ವಾಸನೆ ಮೂಗಿಗೆ ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನಾನು ಕುರಿ ಸಾಕುವವರ ಮನೆಯಲ್ಲೇ ಹುಟ್ಟಿದವಳು, ಆ ವಾಸನೆಯಲ್ಲೇ ಅಂಬೆಗಾಲಿಟ್ಟವಳು. ಆದರೂ ಹೀಗೆ. ಹೋದ ತಿಂಗಳು ಹೊಸದುರ್ಗದಿಂದ ಹಿರಿಯೂರಿಗೆ ಬರುವಾಗ ನಮ್ಮ ಬಸ್ಸಿಗೆ ಅಡ್ಡವಾಗಿ ಒಂದು ಹಿಂಡು ದಾಟಿತು. ಸಣ್ಣಗೆ ಮಳೆ ಹನಿಯುತ್ತಿತ್ತು. ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ, ಕುರಿಗಳು ತಮ್ಮ ಪಾಡಿಗೆ ತಾವು ನಡೆಯುತ್ತಿದ್ದವು. ತೆರೆದ ಬಾಗಿಲಿನಿಂದ ನೆನೆದ ಉಣ್ಣೆ, ಹಿಕ್ಕೆ, ಕೆಸರು ಎಲ್ಲ ಕಲೆತ ಆ ವಾಸನೆ ಒಳಗೆ ನುಗ್ಗಿತು. ಪಕ್ಕದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ನಾನು ಮುಂದಿನ ಸೀಟಿನ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಆಕೆ ನನ್ನ ಕೈ ನೋಡಿ, "ಯಾಕಮ್ಮ, ಹುಷಾರಿಲ್ವಾ?" ಎಂದು ಕೇಳಿದಳು.

ಹುಷಾರಾಗಿಯೇ ಇದ್ದೆ. ಆ ವರ್ಷ ನೆನಪಾಗಿತ್ತು, ಅಷ್ಟೆ.

ನಮ್ಮ ಕಡೆಯವರಿಗೆ ಅದು ಮಾರಿಕಣಿವೆ ಕೋಡಿ ಬಿದ್ದ ವರ್ಷ. ನನ್ನ ಅಜ್ಜಿಯೂ ತನ್ನ ಕಾಲದಲ್ಲಿ ಕಾಣದಿದ್ದಷ್ಟು ನೀರು ಡ್ಯಾಮಿಗೆ ಬಂದು, ತುಂಬಿ, ಕೋಡಿಯ ಮೇಲಿಂದ ಹರಿಯಿತು. ಮದುವೆ, ಹೆರಿಗೆ, ಸಾವು ಎಲ್ಲವನ್ನೂ ಜನ ಈಗ ಅದರಿಂದಲೇ ಲೆಕ್ಕ ಹಿಡಿಯುತ್ತಾರೆ. "ಕೋಡಿ ಬಿದ್ದ ವರ್ಷ ಕಣವ್ವ, ನಮ್ಮ ಹುಡುಗಿ ಮೈನೆರೆದಿದ್ದು" ಎನ್ನುತ್ತಾರೆ ಸಂತೋಷದಿಂದ. ನನ್ನ ತಲೆಬುರುಡೆ ತೆರೆದು ಮುಚ್ಚಿದ್ದೂ ಅದೇ ವರ್ಷ.

ನನ್ನ ಹೆಸರು ಕೆಂಚಮ್ಮ, ಊರು ಹಿರಿಯೂರು ತಾಲ್ಲೂಕಿನ ಆದಿವಾಲ. ಕಬಡ್ಡಿ ಅಂಕಣದಲ್ಲಿ ಎಲ್ಲರಿಗೂ ಕೆಂಚಿ. ಪ್ರೈಮರಿ ಶಾಲೆಯಲ್ಲಿ ಹುಡುಗರ ಜೊತೆ ಆಡಿ ಕಲಿತವಳು, ಆ ಹೊತ್ತಿಗೆ ಜಿಲ್ಲೆಯ ತಂಡದ ಮುಖ್ಯ ರೈಡರ್. ಎದುರಾಳಿಗಳ ಅಂಗಳಕ್ಕೆ ನುಗ್ಗಿ, ಮುಟ್ಟಿ, ಅವರ ಕೈಗೆ ಸಿಗದೆ ವಾಪಸ್ಸು ಬರುವುದು ನನ್ನ ಕೆಲಸ. ಕಾಲು ಹಿಡಿದವಳನ್ನು ಹಾಗೇ ಎಳೆದುಕೊಂಡು ನಡುಗೆರೆ ಮುಟ್ಟುತ್ತಿದ್ದೆ. ಪೊಲೀಸ್ ಕೆಲಸಕ್ಕೆ ಆಟದ ಕೋಟಾದಲ್ಲಿ ಸೇರಬೇಕೆಂಬ ಆಸೆಯಿತ್ತು. ಮನೆಯಲ್ಲಿ ನನಗಿಂತ ಅವ್ವನಿಗೇ ಆ ಆಸೆ ಹೆಚ್ಚು. ಬೆಳಗಿನ ಜಾವ ಎದ್ದು ನನಗೆ ರಾಗಿಮುದ್ದೆ ಕಟ್ಟಿಕೊಡುತ್ತಿದ್ದವಳು ಅವಳೇ. "ಆಟ ಬಿಡಿಸಿ ಲಗ್ನ ಮಾಡು" ಎಂದ ದೊಡ್ಡಪ್ಪನ ಮೇಲೆ ಪೊರಕೆ ಎತ್ತಿದವಳೂ ಅವಳೇ.

ಆ ಬೇಸಿಗೆಯ ಕೊನೆಗೆ ಚಿತ್ರದುರ್ಗದಲ್ಲಿ ಆಯ್ಕೆ ಶಿಬಿರ ನಡೆಯಿತು. ನಮ್ಮ ಕೋಚ್‌ಗೆ ನಾವು ಸರ್ ಎನ್ನುತ್ತಿದ್ದೆವು. ಅವರ ಹೆಸರನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಒಂದು ಬೆಳಗ್ಗೆ ಅಭ್ಯಾಸದಲ್ಲಿ ಮೂವರು ನನ್ನನ್ನು ಒಟ್ಟಿಗೆ ಹಿಡಿದು ಕೆಡವಿದರು. ಮ್ಯಾಟಿನ ಎರಡು ತುಂಡುಗಳ ನಡುವೆ ಬಾಯಿಬಿಟ್ಟ ಜಾಗದಲ್ಲಿ ನನ್ನ ಹಿಂದಲೆ ನೆಲಕ್ಕೆ ಬಡಿಯಿತು. ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಮಧ್ಯಾಹ್ನ ಉಂಡದ್ದು ನಿಲ್ಲಲಿಲ್ಲ. ಬಿಸಿಲು ನೋಡಿದರೆ ಕಣ್ಣಿನ ಹಿಂದೆ ಯಾರೋ ತಿವಿದಂತಾಗುತ್ತಿತ್ತು. ನನ್ನ ಗೆಳತಿ ಶಬಾನ, ಹಿರಿಯೂರಿನವಳು, ತಂಡದಲ್ಲಿ ಕಾಲು ಹಿಡಿಯುವುದರಲ್ಲಿ ಎತ್ತಿದ ಕೈ. ಅವಳೇ ನನ್ನ ತೋಳು ಹಿಡಿದು ಸರ್ ಹತ್ತಿರ ಕರೆದುಕೊಂಡು ಹೋದಳು.

"ಸರ್, ತಲೆ ಒಡೆದು ಹೋಗೋ ಹಂಗೆ ನೋಯ್ತೈತೆ. ವಾಂತಿನೂ ಆತು. ನಾಳೆ ನಾನು ಆಡಲ್ಲ," ಎಂದೆ.

ಅವರು ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ಬಿಸ್ಲು ಕಣಮ್ಮ. ನಿಂಬೆಹಣ್ಣಿನ ಪಾನಕ ಕುಡಿದು ಮಲಕ್ಕ. ನಾಳೆ ಹೊಸದುರ್ಗದಾಗೆ ದೊಡ್ಡೋರೆಲ್ಲ ಬರ್ತಾರೆ. ನೀನಿಲ್ದೆ ಟೀಮು ಎಲ್ಲೈತೆ?"

ಆ ಮಾತಿಗೆ ನಾನು ಹಿಗ್ಗಿದ್ದೆ ಕೂಡ. ಅದು ನೆನಪಿದೆ. ಅವರ ಹೆಬ್ಬೆರಳು ಮೊಬೈಲಿನ ಮೇಲೆ ಆಡುತ್ತಿದ್ದದ್ದು ನೆನಪಿದೆ. ಅಲ್ಲಿಂದ ಮುಂದಕ್ಕೆ ಏನೂ ಇಲ್ಲ. ಸಂಜೆ, ರಾತ್ರಿ, ಮರುದಿನದ ಬಸ್ಸು, ಹೊಸದುರ್ಗದ ಮೈದಾನ, ಎಲ್ಲವೂ ಅಳಿಸಿಹೋಗಿದೆ. ಮತ್ತೆ ನೆನಪು ಶುರುವಾಗುವುದು ದಾವಣಗೆರೆಯ ಆಸ್ಪತ್ರೆಯಲ್ಲಿ, ನನ್ನ ಮೂಗಿನಲ್ಲಿ ನಳಿಕೆ ಇದ್ದಾಗ.

ನಡುವಿನದು ಬೇರೆಯವರು ಹೇಳಿ ಕೇಳಿದ್ದು. ಹೊಸದುರ್ಗದಲ್ಲಿ ದೊಡ್ಡವರ ಮುಂದೆ ಪ್ರದರ್ಶನಕ್ಕೆಂದು ಶಿಬಿರದ ಹುಡುಗಿಯರನ್ನೇ ಎರಡು ತಂಡ ಮಾಡಿ ಆಡಿಸಿದರಂತೆ. ಶಬಾನ ಎದುರು ತಂಡದಲ್ಲಿದ್ದಳಂತೆ. ನಾನು ರೈಡಿಗೆ ಹೋದೆ, ಅವಳು ನನ್ನ ಕಾಲಿಗೆ ಬಿದ್ದಳು, ಉರುಳಾಟದಲ್ಲಿ ಅವಳ ಮೊಣಕಾಲು ನನ್ನ ಕಪಾಲಕ್ಕೆ ಬಡಿಯಿತು. ನಾನು ಎದ್ದೆನಂತೆ. ಮೈ ಕೊಡವಿಕೊಂಡು ನಮ್ಮ ತಂಡದ ಕಡೆಗೆ ಹೋಗುವ ಬದಲು ಎದುರು ತಂಡದ ಕಡೆಗೆ ನಡೆದೆನಂತೆ. ಜನ ನಕ್ಕರಂತೆ. ನಗು ಮುಗಿಯುವ ಮೊದಲು ಬಿದ್ದೆ. ಮಿದುಳಿನ ಮೇಲೆ ರಕ್ತ ಹೆಪ್ಪುಗಟ್ಟಿತ್ತು.

ಊರಿಗೆ ಕರೆತಂದಾಗ ಮಳೆಗಾಲ ಆರಂಭವಾಗಿತ್ತು. ನಮ್ಮ ಸೀಮೆಗೆ ಅಂಥ ಮಳೆ ಅಭ್ಯಾಸವಿಲ್ಲ. ಹಗಲೂ ರಾತ್ರಿ ಬಿಡದೆ ಸುರಿಯಿತು. ಕುರಿಗಳ ಗೊರಸು ಕೊಳೆಯತೊಡಗಿದವು. ಅಪ್ಪ ಹಿಂಡನ್ನು ದೂರ ಹೊಡೆಯದೆ ಮನೆಯ ಪಕ್ಕದ ರೊಪ್ಪದಲ್ಲೇ ಕೂಡಿದ. ರೊಪ್ಪಕ್ಕೂ ನಾನು ಮಲಗಿದ್ದ ಕೋಣೆಗೂ ಒಂದೇ ಗೋಡೆ. ಎಚ್ಚರವಾದರೂ ಅದೇ ವಾಸನೆ, ಕಣ್ಣು ಮುಚ್ಚಿದರೂ ಅದೇ. ಮರಿಯೊಂದು ಕೂಗಿದರೆ ಆ ಸದ್ದು ನನ್ನ ಹೊಲಿಗೆಗಳ ಮೇಲೆ ನಡೆದ ಹಾಗಾಗುತ್ತಿತ್ತು.

ಎಡಗೈಯಲ್ಲಿ ಲೋಟ ನಿಲ್ಲುತ್ತಿರಲಿಲ್ಲ. ಎಡಗಾಲು ಹೊಸ್ತಿಲಿಗೆ ತಾಗುತ್ತಿತ್ತು. ಮಾತಿನಲ್ಲಿ ಪದಗಳು ಅದಲುಬದಲಾಗುತ್ತಿದ್ದವು. ನೀರು ಕೊಡು ಎನ್ನಲು ಹೋಗಿ ಕಂಬಳಿ ಕೊಡು ಎನ್ನುತ್ತಿದ್ದೆ. ಅವ್ವ ಕಂಬಳಿ ತಂದರೆ ಅದನ್ನು ಅವಳ ಮೇಲೇ ಎಸೆಯುತ್ತಿದ್ದೆ. ಎದುರಾಳಿಯ ಕಣ್ಣು ನೋಡಿಯೇ ಯಾವ ಕಡೆ ಹಾರುತ್ತಾಳೆಂದು ತಿಳಿಯುತ್ತಿದ್ದವಳು ಈಗ ಬಚ್ಚಲಿಗೆ ಹೋಗಲು ಗೋಡೆ ಹಿಡಿಯಬೇಕಿತ್ತು. ನೋಡಲು ಬಂದವರು ಬಾಗಿಲಲ್ಲಿ ನಿಂತು ಬೋಳಿಸಿದ ತಲೆಯನ್ನೂ ಲಾಳದ ಹಾಗೆ ಬಾಗಿದ ಹೊಲಿಗೆಯನ್ನೂ ನೋಡಿ "ಪಾಪ" ಎನ್ನುತ್ತಿದ್ದರು. ಒಬ್ಬಾಕೆಯಂತೂ, "ಕೂದ್ಲು ಬಂದ್ರೆ ಕಾಣಲ್ಲ ಬಿಡ್ರಿ, ಗಂಡು ಸಿಗ್ತಾನೆ" ಎಂದಳು. ಅವಳ ಕಡೆ ಚಪ್ಪಲಿ ಎಸೆದೆ.

ಆಗ ಅವ್ವ ಓಡಿಬಂದು ಎಲ್ಲರಿಗೂ ಹೇಳುತ್ತಿದ್ದ ಮಾತು ಒಂದೇ: "ಬೇಜಾರ್ ಮಾಡ್ಕಬ್ಯಾಡ್ರಿ. ಮಾತಾಡ್ತಿರೋದು ಅವಳಲ್ಲ. ಆ ಗಾಯ."

ಇದನ್ನು ಹೇಳಿಕೊಟ್ಟವರು ಡಾಕ್ಟರು. ತಲೆಗೆ ಪೆಟ್ಟಾದವರಿಗೆ ಸಿಟ್ಟು ಜಾಸ್ತಿ, ಮನೆಯವರು ತಾಳ್ಮೆಯಿಂದ ಇರಬೇಕು ಎಂದಿದ್ದರು. ಸುಳ್ಳಲ್ಲ. ಉಪ್ಪಿಟ್ಟಿನಲ್ಲಿ ಮೆಣಸಿನಕಾಯಿ ಸಿಕ್ಕಿತೆಂದು ತಟ್ಟೆ ಎತ್ತಿ ಬೀದಿಗೆ ಹಾಕುವುದು ನನ್ನ ಬುದ್ಧಿಯಲ್ಲ. ಎಷ್ಟೋ ಸಿಟ್ಟು ನಿಜವಾಗಿಯೂ ಗಾಯದ್ದೇ ಇದ್ದೀತು. ಆದರೆ ಮನೆಯಲ್ಲಿ ಎಲ್ಲವೂ ಗಾಯದ್ದೇ ಆಗಿಹೋಯಿತು. ಟಿವಿ ಸದ್ದು ಕಡಿಮೆ ಮಾಡಿ ಎಂದರೆ ಗಾಯ. ನನ್ನ ಮುಂದೆಯೇ ನನ್ನ ವಿಷಯ ಮಾತಾಡಬೇಡಿ ಎಂದರೆ ಗಾಯ. "ಆಡಲ್ಲ ಅಂತ ನಾನು ಸರ್‌ಗೆ ಹೇಳಿದ್ದೆ, ಅವ್ರು ಬಿಡ್ಲಿಲ್ಲ" ಎಂದರೆ, ಅಣ್ಣ ಮೆತ್ತಗೆ ನನ್ನ ಬೆನ್ನು ತಟ್ಟಿ, "ಆತು ಆತು, ಈಗ ಅದೆಲ್ಲ ಯಾಕೆ, ಮಲಕ್ಕ" ಎನ್ನುತ್ತಿದ್ದ. ಆ ಮೆತ್ತಗಿನ ದನಿ ಕೇಳಿದರೆ ಅವನ ಕೈ ಕಚ್ಚಬೇಕೆನಿಸುತ್ತಿತ್ತು.

ಶ್ರಾವಣದಲ್ಲಿ ಒಂದು ದಿನ ಸರ್ ಬಂದರು. ಬಿಳಿ ಟೀ ಶರ್ಟು, ಕೈಯಲ್ಲಿ ಸೇಬು ದ್ರಾಕ್ಷಿ ತುಂಬಿದ ಬುಟ್ಟಿ. ಅಪ್ಪ ಕುರ್ಚಿ ಒರೆಸಿ, "ಕುಂತ್ಕಳ್ರಿ ಸಾರ್" ಎಂದ. ನೆರೆಹೊರೆಯವರು ಸೇರಿದರು. ಅವ್ವ ಗಾಜಿನ ಲೋಟಗಳಲ್ಲಿ ಟೀ ತಂದಳು. ನನಗೂ ಒಂದು ಲೋಟ ಕೊಟ್ಟಳು.

ಸರ್ ನನ್ನ ಕಡೆ ನೋಡದೆ ಎಲ್ಲರಿಗೂ ಕೇಳುವ ಹಾಗೆ ಮಾತಾಡಿದರು. "ಇಂಥ ಹುಡುಗಿ ನಾನು ನೋಡಿಲ್ಲ ಯಜಮಾನ್ರೆ. ಆಟದ ಹುಚ್ಚು. ತಲೆನೋವು ಇದ್ರೂ ನನ್ನತ್ರ ಮುಚ್ಚಿಟ್ಟಿದಾಳೆ. ಒಂದು ಮಾತು ಹೇಳಿದ್ರೆ ನಾನು ಅಂಕಣಕ್ಕೆ ಬಿಡ್ತಿದ್ನಾ? ಏನು ಮಾಡೋದು, ಹಣೇಲಿ ಬರ್ದಿತ್ತು."

ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ಮೆಚ್ಚುಗೆ ಬೇರೆ ಇತ್ತು.

"ಹೇಳಿದ್ದೆ," ಎಂದೆ. "ಸರ್, ನಾನು ಹೇಳಿದ್ದೆ. ನೀವು ಮೊಬೈಲ್ ನೋಡ್ತಿದ್ರಿ. ಬಿಸ್ಲು ಅಂದ್ರಿ." ಮಾತು ತೊದಲುತ್ತಿತ್ತು. ಬಿಸಿಲು ಎನ್ನುವ ಜಾಗದಲ್ಲಿ ಮೊದಲು ಬೇರೇನೋ ಪದ ಬಂದು, ತಿದ್ದಿಕೊಂಡೆ. ಆ ತಿದ್ದುವಿಕೆಯನ್ನು ಎಲ್ಲರೂ ನೋಡಿದರು.

ಸರ್ ನಕ್ಕರು. ಒಳ್ಳೆಯ ನಗು. ಅಪ್ಪನ ಕಡೆ ಬಾಗಿ, "ಬೇಜಾರ್ ಮಾಡ್ಕಬ್ಯಾಡ್ರಿ. ತಲೆಗೆ ಪೆಟ್ಟಾದೋರು ಹಿಂಗೇ. ನಡೀದೇ ಇರೋದೆಲ್ಲ ನಡೆದಂಗೆ ಕಾಣ್ತೈತೆ ಅವ್ರಿಗೆ. ಆ ದಿನದ್ದು ಒಂದೂ ನೆನಪಿಲ್ಲ ಅಂತ ಡಾಕ್ಟ್ರೇ ಹೇಳಿಲ್ವಾ?" ಎಂದರು.

ನನ್ನ ಕೈಯಲ್ಲಿದ್ದ ಲೋಟ ಹಾರಿತು. ಬಲಗೈಯಿಂದಲೇ ಎಸೆದೆ, ಗುರಿಯಿಟ್ಟೇ ಎಸೆದೆ. ಅದು ಅವರ ಕಿವಿಯ ಪಕ್ಕ ಗೋಡೆಗೆ ಬಡಿದು ಚೂರಾಯಿತು. ಬಿಳಿ ಟೀ ಶರ್ಟಿನ ಮೇಲೆಲ್ಲ ಟೀ. ನಾನು ಏನೆಂದು ಕಿರುಚಿದೆನೋ ನನಗೂ ತಿಳಿಯದು. ಅಣ್ಣ ನನ್ನನ್ನು ಅಪ್ಪಿ ಹಿಡಿದ. ಅಪ್ಪ ತಲೆ ತಗ್ಗಿಸಿ ನಿಂತ. ಅವ್ವ ಸರ್ ಮುಂದೆ ಎರಡೂ ಕೈ ಮುಗಿದು, "ತಪ್ಪು ತಿಳ್ಕಬ್ಯಾಡ್ರಿ ಸಾರ್, ಅವಳಲ್ಲ, ಆ ಗಾಯ..." ಎಂದಳು.

ಸರ್ ದೊಡ್ಡ ಮನಸ್ಸಿನವರ ಹಾಗೆ, "ಅಯ್ಯೋ ಬಿಡ್ರಮ್ಮ, ನಂಗೂ ಮಗಳಿದ್ದಂಗೆ" ಎಂದು ಎದ್ದು ಹೋದರು. ಅವ್ವ ಗಾಜು ಗುಡಿಸಿದಳು. ಬುಟ್ಟಿಯ ಹಣ್ಣನ್ನು ಅಕ್ಕಪಕ್ಕದ ಮಕ್ಕಳು ತಿಂದವು. ಸತ್ಯ ಹೇಳಿದವಳು ನಾನು. ಆದರೆ ಆ ಸಂಜೆ ಊರಿಗೆಲ್ಲ ಗೊತ್ತಾದದ್ದು ನನ್ನ ತಲೆ ಇನ್ನೂ ಸರಿಯಾಗಿಲ್ಲ ಎಂಬುದು.

ಆಮೇಲೆ ನಾನು ಆಸ್ಪತ್ರೆಯವರು ಹೇಳಿಕೊಟ್ಟಿದ್ದ ವ್ಯಾಯಾಮ ಬಿಟ್ಟೆ. ರಬ್ಬರ್ ಚೆಂಡು ಹಿಸುಕುವುದು, ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಯಾವುದೂ ಬೇಡವೆಂದು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಶಬಾನಳ ಮೇಲೂ ಸಿಟ್ಟಿತ್ತು. ಅವಳಿಗೆ ಎಲ್ಲ ಗೊತ್ತು, ನನ್ನ ತೋಳು ಹಿಡಿದು ಸರ್ ಮುಂದೆ ನಿಂತಿದ್ದವಳು ಅವಳು. ಆದರೂ ಒಮ್ಮೆಯೂ ಬರಲಿಲ್ಲ, ಫೋನು ಎತ್ತಲಿಲ್ಲ. ತಂಡದ ಆಯ್ಕೆ ಸರ್ ಕೈಯಲ್ಲಿತ್ತು. ಅದು ನನಗೆ ಅರ್ಥವಾಗುತ್ತಿತ್ತು. ಅರ್ಥವಾದದ್ದಕ್ಕೇ ಇನ್ನೂ ಉರಿಯುತ್ತಿತ್ತು.

ಹಾಸಿಗೆಯಿಂದ ನನ್ನನ್ನು ಎಬ್ಬಿಸಿದವನು ಅಪ್ಪ. ಅವನು ಸಮಾಧಾನ ಹೇಳುವ ಮನುಷ್ಯನಲ್ಲ. ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಬೆಳಗ್ಗೆ ಬಾಗಿಲಲ್ಲಿ ನಿಂತು, "ಹಿಂಡನ್ನ ಚಾನಲ್ ಏರಿ ಮೇಲೆ ಬಿಡ್ತೀನಿ. ಕುಂಟ್ತಿರೋವು ಹಿಂದೆ ಉಳಿತಾವೆ. ಅವನ್ನ ಹೊಡ್ಕಂಡು ಬಾ" ಎಂದ.

"ನಾನೂ ಕುಂಟಿ ಅಂತ ತಾನೇ?" ಎಂದು ಕೂಗಿದೆ.

"ಹೂಂ," ಎಂದ ಅಪ್ಪ. "ಬೇಗ ಬಾ."

ಇಡೀ ಊರಿನಲ್ಲಿ ನನಗೆ ಸುಳ್ಳು ಹೇಳದವನು ಅವನೊಬ್ಬನೇ. ಸಿಟ್ಟಿನಲ್ಲೇ ಎದ್ದು ಹೋದೆ. ನೀರು ತುಂಬಿ ಹರಿಯುವ ಕಾಲುವೆಯ ಏರಿಯ ಮೇಲೆ ಅಪ್ಪ ಮುಂದೆ, ಹಿಂಡು ನಡುವೆ, ಕೊಳೆತ ಗೊರಸಿನ ಕುರಿಗಳೂ ನಾನೂ ಹಿಂದೆ. ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ. ಕೆಸರಿನಲ್ಲಿ ಬಿದ್ದೆ, ಎದ್ದೆ, ಅವನನ್ನೂ ಕುರಿಗಳನ್ನೂ ಬೈಯುತ್ತ ನಡೆದೆ. ದಿನವೂ ಹಾಗೇ ಹೋದೆವು. ಕುರಿಗಳ ಕಾಲು ವಾಸಿಯಾಗುತ್ತ ಬಂತು. ನನ್ನ ಕಾಲೂ ಅವುಗಳ ಹಿಂದೆಯೇ ಚುರುಕಾಯಿತು. ಏರಿಯ ಮೇಲೆ ಯಾರೂ "ಪಾಪ" ಎನ್ನುತ್ತಿರಲಿಲ್ಲ.

ಅಷ್ಟರಲ್ಲಿ ಮಾರಿಕಣಿವೆ ಕೋಡಿ ಬಿತ್ತು. ಊರಿಗೆ ಊರೇ ಹುಚ್ಚೆದ್ದಿತು. ಟ್ರ್ಯಾಕ್ಟರು, ಗೂಡ್ಸ್ ಆಟೋ, ಬೈಕು, ಸಿಕ್ಕಿದ್ದರಲ್ಲಿ ಜನ ಹೊರಟರು. ಅತ್ತಿಗೆ ಚಿತ್ರಾನ್ನ ಕಲೆಸಿ ಡಬ್ಬಿಗೆ ತುಂಬಿದಳು. ನಾನೂ ಚೂಡಿದಾರ ಹಾಕಿಕೊಂಡು, ತಲೆಗೆ ದುಪ್ಪಟ್ಟ ಸುತ್ತಿಕೊಂಡು ಬಾಗಿಲಿಗೆ ಬಂದೆ.

"ನೀನು ಬ್ಯಾಡ," ಎಂದಳು ಅವ್ವ. "ಅಲ್ಲಿ ಜನ, ಗದ್ದಲ. ಫಿಟ್ಸ್ ಬಂದ್ರೆ ಏನು ಗತಿ? ನಾನೂ ಹೋಗಲ್ಲ, ನಿನ್ ಜೊತೆ ಇರ್ತೀನಿ."

ಟ್ರ್ಯಾಕ್ಟರ್ ಹೊರಟಿತು. ಅಪ್ಪ ಕುರಿಯ ಜೊತೆ ಹೋಗಿದ್ದ. ಬೀದಿಯಲ್ಲಿ ಯಾರೂ ಉಳಿಯಲಿಲ್ಲ. ನಾನು ಹಿತ್ತಲ ಕಲ್ಲಿನ ಮೇಲೆ ಕುಳಿತು ಅಳುತ್ತಿದ್ದೆ. ಅವ್ವ ಹರಳೆಣ್ಣೆ ತಂದು ಹಿಂದೆ ನಿಂತು, ಚೂರು ಚೂರೇ ಬೆಳೆದಿದ್ದ ನನ್ನ ಕೂದಲಿಗೆ ಎಣ್ಣೆ ಹಚ್ಚತೊಡಗಿದಳು. ಬೆರಳುಗಳು ಹೊಲಿಗೆಯ ಗೆರೆಯನ್ನು ತಪ್ಪಿಸಿ ತಪ್ಪಿಸಿ ಓಡಾಡುತ್ತಿದ್ದವು.

"ಸಿಟ್ಟು ಮಾಡ್ಕಬ್ಯಾಡ ನನ್ನವ್ವ," ಎಂದಳು. "ಅದು ನೀನಲ್ಲ, ಆ ಗಾಯ..."

ನಾನು ಅವಳ ಕೈ ತಳ್ಳಿ ಎದ್ದೆ. "ಇನ್ನೊಂದು ಸಲ ಆ ಮಾತು ಆಡಿದ್ರೆ ಚಾನಲ್ಲಿಗೆ ಹಾರ್ತೀನಿ! ಇದು ನಾನೇ. ನಾನು ಸರ್‌ಗೆ ಹೇಳಿದ್ದೆ ಅಂದ್ರೆ ಹೇಳಿದ್ದೆ. ಹೆತ್ತೋಳು ನೀನು. ನೀನೂ ನಂಬಲ್ಲ ಅಲ್ವಾ?"

ಅವ್ವನ ಕೈಯಿಂದ ಬಟ್ಟಲು ಬಿತ್ತು. ಎಣ್ಣೆ ಅಂಗಳದ ನೀರಿನ ಮೇಲೆ ಹರಡಿತು.

"ನಂಬ್ದೆ ಇರ್ತೀನೇನೇ?" ಎಂದು ಅವಳು ಕಿರುಚಿದಳು. ಅವಳು ಹಾಗೆ ಕಿರುಚಿದ್ದನ್ನು ನಾನು ಕೇಳಿರಲಿಲ್ಲ. "ನಂಗೊತ್ತು ಕಣೆ! ಆವತ್ತು ಸಂಜಿಕೆ ನೀನೇ ನಂಗೆ ಫೋನ್ ಮಾಡಿದ್ದೆ. ತಲೆ ನೋಯ್ತೈತವ್ವ, ಸರ್‌ಗೆ ಹೇಳ್ದೆ, ಬಿಡ್ಲಿಲ್ಲ, ಬಸ್ ಹತ್ತಿ ಊರಿಗೆ ಬಂದ್ಬಿಡ್ಲಾ ಅಂತ ಕೇಳ್ದೆ. ನಾನು... ನಾನು ಬ್ಯಾಡ ಅಂದೆ. ಒಂದಿನ ತಡ್ಕ, ಈಗ ಬಂದ್ರೆ ಟೀಮಿಂದ ತೆಗೀತಾರೆ, ಇಷ್ಟು ವರ್ಷದ್ದು ಹಾಳಾಗ್ತೈತೆ ಅಂದೆ. ನೀನು ಆತು ಬಿಡು ಅಂತ ಇಟ್ಟೆ."

ನನಗೆ ಆ ಫೋನಿನ ನೆನಪಿಲ್ಲ. ಈಗಲೂ ಇಲ್ಲ.

"ಮತ್ತೆ ಆವತ್ತು ಅವ್ರ ಮುಂದೆ ಕೈ ಮುಗಿದ್ಯಲ್ಲ?" ಎಂದೆ.

"ನೀನು ಹೇಳಿದ್ದು ನಿಜ ಅಂದ್ರೆ, ನಂಗೆ ಹೆಂಗೆ ಗೊತ್ತು ಅಂತ ಕೇಳ್ತಿದ್ರು. ನಾನೇ ಕಳ್ಸಿದ್ದು ಅಂತ ನಿಮ್ಮಪ್ಪಂಗೆ ಗೊತ್ತಾಗ್ತಿತ್ತು. ನಿಂಗೂ ಗೊತ್ತಾಗ್ತಿತ್ತು." ಅವಳು ಕಲ್ಲಿನ ಪಕ್ಕ ಕುಸಿದು ಕುಳಿತಳು.

ಇಂಥ ಹೊತ್ತಿನಲ್ಲಿ ಮಗಳು ತಾಯಿಯನ್ನು ತಬ್ಬಿಕೊಳ್ಳಬೇಕು ಎನ್ನುತ್ತಾರೆ. ನಾನು ತಬ್ಬಿಕೊಳ್ಳಲಿಲ್ಲ. ನನಗೆ ಮರುಕವೂ ಬರಲಿಲ್ಲ. ಆಡು ಎಂದದ್ದನ್ನು ಒಂದು ವೇಳೆ ಕ್ಷಮಿಸಬಹುದಿತ್ತು. ಅವಳು ಡಾಕ್ಟರಲ್ಲ, ತಲೆನೋವೆಂದರೆ ತಲೆನೋವು ಎಂದುಕೊಂಡಿದ್ದಳು. ಆದರೆ ಗೊತ್ತಿದ್ದೂ ಗೊತ್ತಿದ್ದೂ ಇಷ್ಟು ತಿಂಗಳು ನನ್ನನ್ನು ಎಲ್ಲರೆದುರು ಹುಚ್ಚಿ ಮಾಡಿದ್ದಳಲ್ಲ, ಅದು ಹೇಗೆ? ಅಳುತ್ತಿದ್ದವಳನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಸಂಜೆ ಎಲ್ಲರೂ ನೆನೆದು ಬಂದು, ಕೋಡಿಯ ನೊರೆಯನ್ನು ಮೊಬೈಲಿನಲ್ಲಿ ತೋರಿಸಿದರು. ನಾನು ನೋಡಲಿಲ್ಲ. ಆಮೇಲೆ ಎಷ್ಟೋ ದಿನ ಅವ್ವನ ಜೊತೆ ಒಂದು ಮಾತೂ ಆಡಲಿಲ್ಲ. ಅವಳು ಇಟ್ಟ ತಟ್ಟೆಯಲ್ಲಿ ಉಂಡು ತಟ್ಟೆ ತಳ್ಳುತ್ತಿದ್ದೆ. ಅವಳು ಆ ಗಾಯದ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಒಂದು ಬೆಳಗ್ಗೆ ಅವಳು ಮದುವೆಗಳಿಗೆ ಉಡುವ ನೀಲಿ ಸೀರೆ ಉಟ್ಟು ರೊಪ್ಪಕ್ಕೆ ಬಂದಳು. ಅಪ್ಪ ಕುರಿಯೊಂದರ ಕಾಲಿಗೆ ಔಷಧಿ ಹಚ್ಚುತ್ತಿದ್ದ, ನಾನು ಅದರ ತಲೆ ಹಿಡಿದಿದ್ದೆ. ಅವಳು ನಿಂತಲ್ಲೇ ಎಲ್ಲವನ್ನೂ ಅಪ್ಪನಿಗೆ ಹೇಳಿದಳು. ಫೋನು, ತಾನು ಆಡಿದ ಮಾತು, ಮುಚ್ಚಿಟ್ಟಿದ್ದು. ಅಪ್ಪ ಔಷಧಿ ಹಚ್ಚಿ ಮುಗಿಸಿದ. ಕೈ ತೊಳೆದ. ಅವಳನ್ನು ಹೊಡೆಯುತ್ತಾನೇನೋ ಎಂದು ನನಗೆ ಭಯವಾಯಿತು.

"ನಂಗ್ಯಾಕೆ ಹೇಳ್ತೀಯ," ಎಂದ ಕೊನೆಗೆ. "ಹೇಳ್ಬೇಕಾದ ಜಾಗದಾಗೆ ಹೇಳು. ನಡಿ, ದುರ್ಗಕ್ಕೆ ಹೋಗಾಣ."

ಚಿತ್ರದುರ್ಗದ ಮೈದಾನದಲ್ಲಿ ಸಂಜೆಯ ಅಭ್ಯಾಸ ನಡೆದಿತ್ತು. ಬೆಟ್ಟದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಹುಡುಗಿಯರು ನನ್ನನ್ನು ಕಂಡು ನಿಂತುಬಿಟ್ಟರು. ಶಬಾನ ಕೂಡ ಅವರ ನಡುವೆ ಇದ್ದಳು. ತಲೆ ಬಗ್ಗಿಸಿದಳು. ಸರ್ ಸೀಟಿಯನ್ನು ಬಾಯಿಂದ ತೆಗೆದು, "ಓ, ಬರ್ರಿ ಬರ್ರಿ, ಹೆಂಗಿದಾಳೆ ನಮ್ಮ ಹುಲಿ?" ಎಂದರು.

ಅವ್ವ ನಮಸ್ಕಾರ ಮಾಡಲಿಲ್ಲ. "ಸಾರ್, ನನ್ ಮಗಳು ತಲೆನೋವು ಅಂತ ನಿಮಗೆ ಹೇಳಿದ್ಲು. ಆಡಲ್ಲ ಅಂದಿದ್ಲು. ಆ ಸಂಜಿಕೆ ನಂಗೂ ಫೋನ್ ಮಾಡಿ ಅದನ್ನೇ ಹೇಳಿದ್ಲು. ನಾನು ಪಾಪಿ, ಆಡು ಅಂದೆ. ಅದು ನನ್ ಕರ್ಮ, ನಾನು ಹೊರ್ತೀನಿ. ನಿಮ್ದು ನೀವು ಹೊರ್ರಿ. ಮುಚ್ಚಿಟ್ಟಿದ್ಲು ಅಂತ ಊರ್ತುಂಬ ಹೇಳ್ಬ್ಯಾಡ್ರಿ."

ಸರ್ ಮುಖದ ನಗು ಹಾಗೇ ಇತ್ತು. "ಅಮ್ಮ, ಮಗಳ ಸ್ಥಿತಿ ನೋಡಿ ನಿಮಗೂ ಮನಸ್ಸು ಸರಿ ಇಲ್ಲ. ನಂಗೆ ಅರ್ಥ ಆಗ್ತೈತೆ. ಮನೆಗೆ ಹೋಗಿ ರೆಸ್ಟ್ ತಗಳ್ರಿ."

"ನನ್ ತಲೆಗೆ ಯಾರೂ ಮೊಣಕಾಲು ಕೊಟ್ಟಿಲ್ಲ ಸಾರ್!" ಅವ್ವನ ದನಿ ಇಡೀ ಮೈದಾನಕ್ಕೆ ಕೇಳಿಸಿತು. "ನನ್ ತಲೆ ನೆಟ್ಟಗೈತೆ. ನನ್ ಮಗಳ ತಲೆನೂ ನೆಟ್ಟಗೈತೆ. ಹೇಳಿದ್ಲಾ ಇಲ್ವಾ, ಅಷ್ಟು ಹೇಳ್ರಿ ಸಾಕು."

ದಾರಿಯುದ್ದಕ್ಕೂ ನಾನು ಬಸ್ಸಿನಲ್ಲಿ ದೊಡ್ಡ ದೊಡ್ಡ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ. "ಹೇಳಿದ್ದೆ," ಎಂದೆ, ಅಷ್ಟೆ.

ಆಗ ಶಬಾನ ಮುಂದೆ ಬಂದಳು. "ಹೇಳಿದ್ಲು ಸರ್. ನಾನೇ ಕರ್ಕಂಡು ಬಂದಿದ್ದೆ. ನಿಂಬೆಹಣ್ಣಿನ ಪಾನಕ ಕುಡಿ ಅಂದ್ರಿ ನೀವು."

ಸರ್ ಅವಳನ್ನು ನೋಡಿದ ನೋಟ ನನಗೆ ಇವತ್ತಿಗೂ ಕಾಣುತ್ತದೆ. ನಗು ಆಗ ಹೋಯಿತು. ಗಡಿಯಾರ ನೋಡಿ, "ಪ್ರಾಕ್ಟೀಸಿಗೆ ಹೊತ್ತಾತು" ಎಂದು ಸೀಟಿ ಊದಿದರು. ಹುಡುಗಿಯರು ಕದಲಲಿಲ್ಲ. ಇನ್ನೊಮ್ಮೆ ಊದಿದರು. ಒಬ್ಬೊಬ್ಬರೇ ತಲೆ ತಗ್ಗಿಸಿ ತಮ್ಮ ತಮ್ಮ ಜಾಗಕ್ಕೆ ಹೋದರು. ಶಬಾನ ಮಾತ್ರ ಹೋಗಲಿಲ್ಲ.

ಇದರಿಂದ ಏನಾಯಿತು ಎಂದು ಕೇಳಿದರೆ, ಹೆಚ್ಚೇನೂ ಆಗಲಿಲ್ಲ. ಅಪ್ಪ ಮೇಲಿನವರಿಗೆ ದೂರು ಹೇಳಿದ. ವಿಚಾರಿಸುತ್ತೇವೆ ಎಂದರು. ಆ ಮನುಷ್ಯ ಬೇರೆ ಊರಿಗೆ ಹೋಗಿ ಈಗಲೂ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತಾರೆ. ನಾನು ಮತ್ತೆ ಅಂಕಣಕ್ಕೆ ಇಳಿಯಬಾರದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಹೊಸದುರ್ಗದ ಒಂದು ಖಾಸಗಿ ಶಾಲೆಯಲ್ಲಿ ಈಗ ಮಕ್ಕಳಿಗೆ ಆಟ ಆಡಿಸುತ್ತೇನೆ. ಮಕ್ಕಳು ಬಿದ್ದರೆ ಆಟ ನಿಲ್ಲಿಸುತ್ತೇನೆ, ಹೆಡ್ಮಾಸ್ಟರ ಜೊತೆ ಅದಕ್ಕಾಗಿ ಜಗಳವೂ ಆಡುತ್ತೇನೆ. ಎಡಗೈಯ ಬೆರಳುಗಳು ಇನ್ನೂ ನಿಧಾನ. ಅವ್ವನ ಜೊತೆ ಮಾತು ಶುರುವಾಗಿದ್ದು ಕ್ಷಮೆಯಿಂದಲ್ಲ. ಒಂದು ದಿನ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, "ಅವ್ವ, ಹಾಲು" ಎಂದೆ, ಅಲ್ಲಿಂದ ಹಾಗೇ ಮುಂದುವರಿಯಿತು. ಈಗಲೂ ಕೆಲವು ಸಲ ಊಟದ ನಡುವೆ ಆ ಫೋನಿನ ಮಾತು ಎತ್ತಿ ಅವಳ ಮೇಲೆ ರೇಗುತ್ತೇನೆ. ಅವಳು ತಟ್ಟೆ ಬಿಟ್ಟು ಏಳುವುದಿಲ್ಲ. ಕೂತು ಕೇಳುತ್ತಾಳೆ.

ಆ ವರ್ಷದ ಇನ್ನೊಂದು ದಿನದ ವಿಷಯ ಉಳಿದಿದೆ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಶಬಾನ ಮನೆಗೆ ಬಂದಳು. ಆಯ್ಕೆಯಾದ ತಂಡದಲ್ಲಿ ಅವಳ ಹೆಸರಿರಲಿಲ್ಲ. ಅಂಗಳದಲ್ಲಿ ಬ್ಯಾಗು ಕುಕ್ಕಿ, "ನಿನ್ ಸಲುವಾಗಿ ಹೋತು ಕಣೇ ನನ್ ಟೀಮು" ಎಂದಳು.

"ಮೊದ್ಲೇ ಬಾಯಿ ಬಿಟ್ಟಿದ್ರೆ ನಾನು ಹುಚ್ಚಿ ಅನ್ನಿಸ್ಕಂತಿರ್ಲಿಲ್ಲ," ಎಂದೆ.

"ನಿನ್ ತಲೆಗೆ ಬಡಿದಿದ್ದು ನನ್ ಮೊಣಕಾಲು ಲೇ! ಯಾವ ಮುಖ ಇಟ್ಕಂಡು ಬರ್ಲಿ? ರಾತ್ರಿ ಕಣ್ಮುಚ್ಚಿದ್ರೆ ಆ ಸದ್ದೇ ಕೇಳ್ತೈತೆ ನಂಗೆ."

ಅವ್ವ ಟೀ ಕೊಟ್ಟಳು. ಇಬ್ಬರೂ ಕುಡಿದೆವು. ಆಮೇಲೆ ಶಬಾನ ಎದ್ದು, ಚಪ್ಪಲಿಯ ತುದಿಯಿಂದ ಅಂಗಳದ ಮಣ್ಣಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದಳು. ಗೆರೆಯ ಆಚೆ ಹೋಗಿ ಬಾಗಿ ನಿಂತು, ಎರಡೂ ಕೈ ಚಾಚಿದಳು.

"ಬಾ," ಎಂದಳು. "ಮುಟ್ಟಲ್ಲ ನಾನು. ಅಲ್ಲಾನ ಆಣೆ. ಹೋಗಿ ಬಾ ಒಂದ್ಸಲ."

"ಏಯ್, ಬ್ಯಾಡ್ರೇ!" ಎಂದು ಅವ್ವ ಒಳಗಿಂದ ಓಡಿಬಂದಳು. ರೊಪ್ಪದ ಬಾಗಿಲಲ್ಲಿದ್ದ ಅಪ್ಪ ಕೈಯೆತ್ತಿ ಅವಳನ್ನು ತಡೆದ.

ಗೆರೆ ದಾಟಿದೆ. ಕಬಡ್ಡಿ ಎನ್ನಲು ಹೋದರೆ ನಾಲಿಗೆ ತೊಡರಿ ಕಬಬ್ಡಿ ಎಂದಿತು. ಶಬಾನ ನಗಲಿಲ್ಲ. ಹಿಂದೆ ಬಂದು ಮತ್ತೆ ಉಸಿರು ತುಂಬಿಕೊಂಡೆ. ಈ ಸಲ ನಿಧಾನವಾಗಿ, ಅಕ್ಷರ ಅಕ್ಷರವಾಗಿ ಹೊರಟಿತು. ಕಬಡ್ಡಿ, ಕಬಡ್ಡಿ, ಕಬಡ್ಡಿ. ಎಡಗಾಲು ಎಳೆಯುತ್ತಿತ್ತು, ಆದರೂ ಬಂತು. ಅವಳು ನನ್ನ ಸುತ್ತ ಸುಳಿದಳು. ಕಾಲಿಗೆ ಬೀಳುವ ಹಾಗೆ ಬಗ್ಗಿದಳು, ಕೈ ನನ್ನ ಪಾದದ ಹತ್ತಿರ ತಂದು ಗಾಳಿಯಲ್ಲೇ ನಿಲ್ಲಿಸಿದಳು. ನಾನು ಬಾಗಿ ಅವಳ ಭುಜಕ್ಕೆ ಫಟಾರನೆ ಒಂದು ಏಟು ಕೊಟ್ಟು, ತಿರುಗಿ, ಉಸಿರು ಬಿಡದೆ ಗೆರೆಯ ಈಚೆಗೆ ಬಂದು ಬಿದ್ದೆ.

"ಮುಟ್ಟು ಅಂದ್ರೆ ಹಂಗೆ ಹೊಡಿತಾರೇನೇ, ಕತ್ತೆ!" ಎಂದು ಶಬಾನ ಭುಜ ಉಜ್ಜಿಕೊಳ್ಳುತ್ತ ಕೂಗಿದಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು.

"ಔಟು ನೀನು, ಹೊರಗೆ ನಡಿ," ಎಂದು ನಾನೂ ಕೂಗಿದೆ.